ಗೋರ್ವಾದ ಬಸಳೆ, ಖಾಲಿ ಬಂದ ಬಟ್ಟಲು

ಒಂದು ಟ್ರ್ಯಾಕ್ಟರ್ ಹಟ್ಟಿಗೊಬ್ಬರಕ್ಕೆ ಇನ್ನೂರು ರೂಪಾಯಿ ಕೊಟ್ಟೆ. ಎಮ್ಮೆ ಸಾಕುವವನು ಕೇಳಿದ್ದು ಮುನ್ನೂರು. ಗೊಬ್ಬರದಲ್ಲಿ ಅರ್ಧ ಹುಲ್ಲು, ಮಿಕ್ಕದ್ದರಲ್ಲಿ ಕಲ್ಲು ಎಂದು ಅವನ ಎದುರಿಗೇ ಕೋಲು ಹಾಕಿ ಕೆದಕಿ ತೋರಿಸಿದ ಮೇಲೆ ಇಳಿದ. ಬಿದಿರಿಗೆ ದುಡ್ಡು ಕೊಡಲಿಲ್ಲ. ಮದುವೆ ಮಂಟಪ ಕಟ್ಟುವವನ ಅಂಗಳದಲ್ಲಿ ತುದಿ ಸೀಳಿದ ಗಳಗಳು ಬಿದ್ದಿದ್ದವು. ಅವನ ಕೆಲಸದವರಿಗೆ ಎರಡು ಬೆಳಿಗ್ಗೆ ಇಡ್ಲಿ ಕಳುಹಿಸಿ ಅವುಗಳನ್ನು ತರಿಸಿಕೊಂಡೆ. ಬಸಳೆಯ ದಂಟು ತವರಿನದು, ಬಿಟ್ಟಿ. ಆದರೆ ಬಸ್ಸಿನವನು ಲಗೇಜು ಎಂದು ಐದು ರೂಪಾಯಿ ಕಿತ್ತುಕೊಂಡ. ಒದ್ದೆ ಬಟ್ಟೆಯಲ್ಲಿ ಸುತ್ತಿದ, ಮಗುವಿನ ತೋಳಿನಷ್ಟೂ ದಪ್ಪವಿಲ್ಲದ ಒಂದು ಕಟ್ಟಿಗೆ ಐದು ರೂಪಾಯಿ! ಇಡೀ ಖರ್ಚಿನಲ್ಲಿ ನನ್ನ ಹೊಟ್ಟೆ ಇವತ್ತಿಗೂ ಉರಿಯುವುದು ಅದೊಂದಕ್ಕೇ.

ಇಷ್ಟೆಲ್ಲ ಯಾಕೆ ಎಂದರೆ, ವಡೋದರಾದ ಮಾರುಕಟ್ಟೆಯಲ್ಲಿ ಬಸಳೆ ಸಿಗುತ್ತಿರಲಿಲ್ಲ. ಮೆಂತ್ಯ, ಪಾಲಕ್, ನಮ್ಮ ಹರಿವೆಯ ತಮ್ಮನಂತಿರುವ ತಾಂದಳ್ಜೋ, ಎಲ್ಲ ರಾಶಿ ರಾಶಿ. ಬಸಳೆ ಕೇಳಿದರೆ ತರಕಾರಿಯವಳು ಮುಖ ನೋಡುತ್ತಿದ್ದಳು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಕೊಂಕಣ ರೈಲು ಇನ್ನೂ ಬಂದಿರಲಿಲ್ಲ. ಉಡುಪಿಯ ಕಡೆಯಿಂದ ಬಸ್ಸಿನಲ್ಲಿ ಮುಂಬಯಿ, ಅಲ್ಲಿಂದ ರೈಲಿನಲ್ಲಿ ವಡೋದರಾ. ನಮ್ಮವರು ಮಕರಪುರದ ಕಾರ್ಖಾನೆಗಳ ಎದುರು ನಾಲ್ಕು ಮೇಜಿನ ಹೋಟೆಲು ನಡೆಸುತ್ತಿದ್ದರು. ಬಾಡಿಗೆ ಕಡಿಮೆ ಎಂದು ಮನೆ ಮಾತ್ರ ಊರಿನ ಇನ್ನೊಂದು ತುದಿಯಲ್ಲಿ, ಗೋರ್ವಾದಲ್ಲಿ. ಹಿಟ್ಟು ರುಬ್ಬುವುದು, ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲ ಮನೆಯಲ್ಲಿ ನನ್ನ ಕೆಲಸ. ಅವರು ಬೆಳಕು ಹರಿಯುವ ಮೊದಲೇ ಹಿಟ್ಟಿನ ಡಬ್ಬಿಗಳನ್ನು ಸ್ಕೂಟರಿಗೆ ಬಿಗಿದು ಊರು ದಾಟುತ್ತಿದ್ದರು. ಆಮೇಲೆ ನಾನು, ರುಬ್ಬುವ ಕಲ್ಲು, ಕಿಟಕಿಯ ಆಚೆ ಒಂದು ಹಾಳು ಮೂಲೆ.

ಆ ಮೂಲೆಯ ಮೇಲೆ ನನ್ನ ಕಣ್ಣು ಬಿದ್ದದ್ದು ಹಾಗೆ. ನಮ್ಮದು ಎದುರುಬದುರು ಸಾಲಿನಲ್ಲಿ ಹದಿನಾಲ್ಕು ಮನೆಗಳ ಸೊಸೈಟಿ. ತುದಿಯಲ್ಲಿ ಎಲ್ಲರಿಗೂ ಸೇರಿದ ಬಯಲು, ಅದಕ್ಕೆ ಕಾಮನ್ ಪ್ಲಾಟ್ ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ಅಲ್ಲಿ ಗರ್ಬಾ ಕುಣಿಯುತ್ತಾರೆ. ಉಳಿದ ದಿನ ಮಕ್ಕಳ ಕ್ರಿಕೆಟ್ಟು. ಅದರ ಒಂದು ಮೂಲೆ ನನ್ನ ಅಡುಗೆಮನೆಯ ಹಿಂದೆ ಬರುತ್ತಿತ್ತು. ಮನೆಗಳನ್ನು ಕಟ್ಟಿದಾಗ ಉಳಿದ ಒಡಕು ಇಟ್ಟಿಗೆ, ಗಟ್ಟಿಯಾದ ಸಿಮೆಂಟು, ಮೇಲೆ ಮುಳ್ಳು. ನಾವು ಬಾಡಿಗೆಯವರು. ಸೊಸೈಟಿಯ ಸಭೆಯಲ್ಲಿ ಕುಳಿತುಕೊಳ್ಳಲು ನಮಗೆ ಜಾಗವಿತ್ತು, ಕೈ ಎತ್ತುವ ಹಕ್ಕಿರಲಿಲ್ಲ. ಹಾಗಾಗಿ ಸಭೆಗೆ ಕಾಯದೆ ನೇರ ಸೊಸೈಟಿಯ ಮುಖ್ಯಸ್ಥರ ಮನೆಗೆ ಹೋದೆ. ಅವರನ್ನು ಎಲ್ಲರೂ ಪ್ರಮುಖ್ ಸಾಹೇಬ್ ಎನ್ನುತ್ತಿದ್ದರು. ಹಿಂಡೋಳ, ಅಂದರೆ ವರಾಂಡದ ಉಯ್ಯಾಲೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಅಲ್ಲಿಯ ಎಲ್ಲ ಹೆಂಗಸರಂತೆ ನಾನೂ ಅವರಿಗೆ ಬೆನ್, ಅಂದರೆ ಸೋದರಿ. ನನ್ನ ಗುಜರಾತಿ ಆಗ ಅರ್ಧ ಹಿಂದಿ.

"ಪ್ರಮುಖ್ ಸಾಹೇಬ್, ಆ ಮೂಲೆಯನ್ನು ನಾನು ಚೊಕ್ಕ ಮಾಡಿ ತರಕಾರಿ ಹಾಕುತ್ತೇನೆ."

"ನಿಮ್ಮ ಹೋಟೆಲಿಗಾ, ಬೆನ್?"

"ಹೋಟೆಲಿಗೆ ಒಂದು ಎಲೆಯೂ ಹೋಗುವುದಿಲ್ಲ. ಜಾಗ ನಿಮ್ಮದು, ಕೆಲಸ ನನ್ನದು, ಬೆಳೆದದ್ದು ಹದಿನಾಲ್ಕು ಮನೆಗೆ."

ಅವರು ಚಹಾವನ್ನು ಬಸಿಗೆ ಸುರಿದುಕೊಂಡರು. "ಬಿಟ್ಟಿ ಕೊಡುತ್ತೇನೆ ಅನ್ನುವವರನ್ನು ಕಂಡರೆ ನನಗೆ ಹೆದರಿಕೆ."

"ಬಿಟ್ಟಿ ಯಾರು ಹೇಳಿದರು? ಜಾಗದ ಬಾಡಿಗೆ ಅದು. ದುಡ್ಡಿನಲ್ಲಿ ಕೊಡುವುದಿಲ್ಲ, ಅಷ್ಟೇ."

ಅವರು ನಕ್ಕರು. "ಆಯಿತು. ಒಂದೇ ಷರತ್ತು. ಯಾವತ್ತು ಒಂದೇ ಒಂದು ಮನೆಯವರು ವಾಂಧೋ ತೆಗೆದರೂ ಮೂಲೆ ಖಾಲಿ."

ವಾಂಧೋ ಎಂದರೆ ಆಕ್ಷೇಪ. ಆ ಒಂದು ಶಬ್ದವನ್ನು ನಾನು ಮನೆಗೆ ಬರುವ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಹದಿನಾಲ್ಕು ಮನೆಯಲ್ಲಿ ಒಂದೇ ಮನೆ ಸಾಕು, ನನ್ನ ಗೊಬ್ಬರ, ಬೆವರು, ತವರಿನ ದಂಟು ಎಲ್ಲ ಹೋಗುತ್ತದೆ. ಹಾಗಾದರೆ ಹದಿನಾಲ್ಕು ಮನೆಯ ಬಾಯಿಗೂ ನನ್ನ ತರಕಾರಿ ಬೀಳಬೇಕು. ಇದು ದಾನವೂ ಅಲ್ಲ, ಧರ್ಮವೂ ಅಲ್ಲ. ಲೆಕ್ಕ.

ನಮ್ಮವರಿಗೆ ಈ ಲೆಕ್ಕ ಹಿಡಿಸಲಿಲ್ಲ. ಮೊದಲ ಬೇಸಗೆಯಲ್ಲಿ ಅಲಸಂಡೆ ಜೋತುಬಿದ್ದಾಗ ಬುಟ್ಟಿಯ ಪಕ್ಕದಲ್ಲೇ ನಿಂತು ಕೇಳಿದರು.

"ಅಲ್ಲ ಮಾರಾಯ್ತಿ, ಎರಡು ಕಟ್ಟು ಹೋಟೆಲಿಗೆ ಕೊಟ್ರೆ ಎಂತ ಆಗ್ತದೆ? ನಾನು ದಿನಾ ಪೇಟೆಯಲ್ಲಿ ದುಡ್ಡು ಸುರೀತೇನೆ."

"ನೀವು ಸುರೀರಿ. ಒಂದು ಅಲಸಂಡೆ ಇಲ್ಲಿಂದ ಹೋಟೆಲಿಗೆ ಹೋದ್ರೆ ನಾಳೆ ಇದು ವ್ಯಾಪಾರ ಆಗ್ತದೆ. ನಾಡಿದ್ದು ವಾಂಧೋ ಬರ್ತದೆ."

"ಗಂಡನಿಗಿಂತ ವಾಂಧೋ ದೊಡ್ಡದಾ?"

"ಈ ಮೂಲೆಯಲ್ಲಿ ಹೌದು."

ಕೊಡುವುದಕ್ಕೆ ಅಲ್ಲಿ ದಾರಿ ಮೊದಲೇ ಇತ್ತು. ಅದಕ್ಕೆ ವಾಟಕಿ ವ್ಯವಹಾರ ಎನ್ನುತ್ತಾರೆ. ವಾಟಕಿ ಎಂದರೆ ಬಟ್ಟಲು. ನೀವು ಒಂದು ಬಟ್ಟಲು ಏನಾದರೂ ಕಳುಹಿಸಿದರೆ ಅದು ಎಂದೂ ಖಾಲಿ ತಿರುಗಿ ಬರುವುದಿಲ್ಲ. ಚಿಟಿಕೆ ಸಕ್ಕರೆಯಾದರೂ ಇರುತ್ತದೆ. ನಮ್ಮ ಊರಿನಲ್ಲೂ ಪಾತ್ರೆಯನ್ನು ಬರಿದು ಕಳುಹಿಸುವವರಿಲ್ಲ, ಆದ್ದರಿಂದ ನನಗೆ ಇದು ಹೊಸ ಪಾಠವಾಗಲಿಲ್ಲ. ಅಲಸಂಡೆ ಹೋದ ಬಟ್ಟಲಿನಲ್ಲಿ ಢೋಕ್ಲಾ ಬಂತು. ತೊಂಡೆಕಾಯಿಗೆ ನಿಂಬೆ ಉಪ್ಪಿನಕಾಯಿ ಬಂತು. ಪಕ್ಕದ ಮನೆಯ ಭಾಭಿ ನನ್ನ ಬಸಳೆಯನ್ನು ಕಂಡ ಕೂಡಲೇ ಗುರುತು ಹಿಡಿದರು. "ಅರೆ, ಇದು ಪೋಈ! ನನ್ನ ತವರು ಸೂರತ್ತಿನ ಕಡೆ. ಅಲ್ಲಿ ಇದರ ಎಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಭಜಿಯಾ ಮಾಡುತ್ತೇವೆ."

"ಮತ್ತೆ ದಂಟು?"

"ದಂಟು ಎಸೆಯುತ್ತೇವೆ."

"ಅಯ್ಯೋ ದೇವರೇ, ಎಸೆಯುವುದಾ!"

"ನೀವು ತಿನ್ನುತ್ತೀರಾ? ಕೋಲನ್ನು?"

ಅವತ್ತಿನಿಂದ ನಮ್ಮಿಬ್ಬರ ನಡುವೆ ಒಪ್ಪಂದ. ಎಲೆ ಅವರಿಗೆ, ದಂಟು ನನಗೆ. ಅವರು ನನ್ನನ್ನು ಕೋಲು ತಿನ್ನುವವಳು ಎಂದು ಕರೆಯಲು ಶುರುಮಾಡಿದರು. ನಾನು ಅವರನ್ನು ಬೆಲ್ಲ ಹಾಕಿ ಸಾರು ಕೆಡಿಸುವವರು ಎಂದೆ. ಹೀಗೆ ಒಂದು ಮನೆ ಗಟ್ಟಿಯಾಯಿತು.

ನಮ್ಮ ಎದುರು ಮನೆಯಲ್ಲಿ ಒಬ್ಬ ಜೈನ ಅಜ್ಜಿ. ಎಲ್ಲರೂ ಅವರನ್ನು ಬಾ, ಅಂದರೆ ಅಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಮಗನದು ಬಟ್ಟೆಯ ಅಂಗಡಿ. ಸೊಸೈಟಿಯ ನವರಾತ್ರಿಯ ಏರ್ಪಾಡೆಲ್ಲ ಆ ಮಗನ ಕೈಯಲ್ಲಿ. ಜೈನರ ಮನೆಗೆ ನೆಲದಡಿಯ ಗೆಡ್ಡೆ ಕಳುಹಿಸಬಾರದು ಎಂದು ನನಗೆ ಗೊತ್ತಿತ್ತು. ಈರುಳ್ಳಿ, ಆಲೂಗಡ್ಡೆ, ಗೆಣಸು ಯಾವುದೂ ಆ ಹೊಸ್ತಿಲು ದಾಟಲಿಲ್ಲ. ಅಲಸಂಡೆ, ತೊಂಡೆ, ಹೀರೆ ಕಳುಹಿಸುತ್ತಿದ್ದೆ. ಬಾ ಅವರ ಖಾಖರಾ, ಅಂದರೆ ಗರಿಗರಿ ರೊಟ್ಟಿ, ಬಟ್ಟಲಿನ ಮೇಲೆ ಅಡ್ಡ ಕುಳಿತು ಬರುತ್ತಿತ್ತು. ಕಾಗದದಷ್ಟು ತೆಳ್ಳಗೆ, ಅಂಚು ಕೂಡ ಸುಡದೆ. ಆ ಮನೆಯ ವಿಷಯದಲ್ಲಿ ನಾನು ನಿಶ್ಚಿಂತೆಯಾಗಿದ್ದೆ.

ಮಳೆ ಬಂತು. ಬೇಸಗೆಯಿಡೀ ಪಾತ್ರೆ ತೊಳೆದ ನೀರು ಕುಡಿದು ಮುದುರಿಕೊಂಡಿದ್ದ ಬಸಳೆ ಒಮ್ಮೆಗೇ ಚಪ್ಪರ ಹತ್ತಿತು. ಊರಿನಿಂದ ತಂದ ಸಾಂಬಾರು ಸೌತೆಯ ಬೀಜ ನೆಲದ ಮೇಲೆ ಹಬ್ಬಿ ಮೂಲೆಯನ್ನೆಲ್ಲ ಮುಚ್ಚಿತು. ಶ್ರಾವಣ ಎಂದರೆ ಕರಾವಳಿಯವರಿಗೆ ಸೊಪ್ಪಿನ ಕಾಲ. ಕೆಸುವಿನ ಎಲೆ, ಬಸಳೆಯ ಕುಡಿ, ಇವು ಮನೆಗೆ ಬಂದರೆ ಪಕ್ಕದವರಿಗೆ ಕೊಡದೆ ತಿಂದವರುಂಟೇ? ಮೊದಲ ಎಳೆಯ ಕುಡಿಗಳನ್ನು ಕೊಯ್ದು, ತೊಳೆದು, ದೊಡ್ಡ ಬಟ್ಟಲಿನಲ್ಲಿ ಗೋಪುರದಂತೆ ಒಟ್ಟಿ, ಎಲ್ಲರಿಗಿಂತ ಮೊದಲು ಬಾ ಅವರ ಮನೆಗೆ ಕೊಟ್ಟು ಬಂದೆ. ಬಾಗಿಲಲ್ಲಿದ್ದ ಸೊಸೆ ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಬಾ ಅವರ ಮಗ ಅಂಗಡಿಗೆ ಹೋಗುವಾಗ ನನ್ನ ಕಿಟಕಿಯ ಕಟ್ಟೆಯ ಮೇಲೆ ಬಟ್ಟಲು ಇಟ್ಟರು. "ಬೆನ್, ವಾಟಕಿ," ಎಂದು ಸ್ಕೂಟರ್ ಒದ್ದು ಹೊರಟರು.

ಬಟ್ಟಲು ಖಾಲಿ. ಬೂದಿ ಹಾಕಿ ಉಜ್ಜಿ, ಮುಖ ಕಾಣುವಷ್ಟು ಬೆಳಗಿದ್ದರು. ಒಳಗೆ ಒಂದು ಹರಳು ಸಕ್ಕರೆಯೂ ಇರಲಿಲ್ಲ.

ಅವತ್ತು ಸಂಜೆ ಪ್ರಮುಖ್ ಸಾಹೇಬರು ತಾವೇ ಬಂದರು. ಕಾಂಪೌಂಡಿನ ಆಚೆ ನಿಂತೇ ಹೇಳಿದರು. "ಬೆನ್, ಎದುರು ಮನೆಯಿಂದ ವಾಂಧೋ ಬಂದಿದೆ. ನವರಾತ್ರಿಗೆ ಮೊದಲಿನ ಸಭೆಯಲ್ಲಿ ತೀರ್ಮಾನ ಮಾಡೋಣ. ಅಲ್ಲಿಯವರೆಗೆ ಹೊಸತೇನೂ ನೆಡಬೇಡಿ."

"ಯಾಕೆ ಅಂತ ಹೇಳಿದರಾ?"

"ಷರತ್ತಿನಲ್ಲಿ ಯಾಕೆ ಅನ್ನುವುದು ಇರಲಿಲ್ಲವಲ್ಲ?"

ಸರಿಯಾದ ಮಾತು. ವ್ಯವಹಾರದ ಮಾತಿಗೆ ನಾನು ಸಿಟ್ಟು ಮಾಡುವುದಿಲ್ಲ.

ಭಾಭಿಗೆ ಬಟ್ಟಲು ತೋರಿಸಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಬಾ ಮನೆಯಿಂದ? ಖಾಲಿ? ಏನು ಕಳುಹಿಸಿದ್ದೆ?"

"ಬಸಳೆ. ನಿಮ್ಮ ಪೋಈ."

ಅವರು ಗೇಟು ಹಿಡಿದುಕೊಂಡು ನಕ್ಕರು. "ಹೇ ಭಗವಾನ್! ಚೋಮಾಸಾದಲ್ಲಿ, ಭಾಜಿ, ಜೈನರ ಮನೆಗೆ! ಹುಚ್ಚಿ, ಮಳೆಗಾಲದ ನಾಲ್ಕು ತಿಂಗಳು ಅವರು ಸೊಪ್ಪು ಮುಟ್ಟುವುದಿಲ್ಲ. ಎಲೆಯ ಹಿಂದೆ ಕಣ್ಣಿಗೆ ಕಾಣದ ಜೀವ ಇರುತ್ತದಂತೆ."

"ಮಳೆಗಾಲದಲ್ಲಿ ಅಲ್ಲದೆ ಸೊಪ್ಪು ಮತ್ತೆ ಯಾವಾಗ ತಿನ್ನುವುದು?"

"ಅದನ್ನು ನನ್ನನ್ನು ಕೇಳಬೇಡ. ನಾನು ಭಜಿಯಾ ತಿನ್ನುವವಳು."

ಒಂದು ಬಟ್ಟಲು ಸೊಪ್ಪಿಗೆ ಯಾರಾದರೂ ತೋಟ ಕೀಳಿಸುತ್ತಾರೆಯೇ? ನನಗೆ ನಂಬಿಕೆ ಬರಲಿಲ್ಲ. ಮಾರುಕಟ್ಟೆಯಲ್ಲಿ ದರ ಒಮ್ಮೆಗೇ ಏರಿದರೆ ನಾನು ಮೊದಲು ಕಾರಣ ಕೇಳುತ್ತೇನೆ, ಆಮೇಲೆ ಚೌಕಾಸಿ. ಇಲ್ಲಿಯೂ ಹಾಗೇ ಮಾಡಬೇಕು ಎಂದುಕೊಂಡೆ. ಆದರೆ ಅದಕ್ಕೆ ಮೊದಲು ಒಂದು ಜಾಗ್ರತೆ. ಆ ಭಾನುವಾರ ಬಸಳೆಯ ಬಲಿತ ದಂಟುಗಳನ್ನು ಕತ್ತರಿಸಿ, ರೈಲು ಹತ್ತಿ, ಅಹಮದಾಬಾದಿನ ಮಣಿನಗರದಲ್ಲಿದ್ದ ಅಕ್ಕನ ಮನೆಗೆ ಒಯ್ದೆ. ಭಾವನಿಗೆ ಬ್ಯಾಂಕಿನ ಕೆಲಸ, ಎರಡನೆಯ ಮಹಡಿಯ ಮನೆ. ಬಾಲ್ಕನಿಯಲ್ಲಿ ತುಕ್ಕು ಹಿಡಿದ ಒಂದು ಡ್ರಮ್ಮು ಇತ್ತು. ಅದರಲ್ಲಿ ನೆಟ್ಟೆ. ಅಲ್ಲೇ ಹುಟ್ಟಿ ಬೆಳೆದ ಅಕ್ಕನ ಮಗಳು ಮೂಗು ಮುರಿದಳು. "ಚಿಕ್ಕಮ್ಮ, ಈ ಜಂಗಲ್ ಯಾಕೆ ತಂದ್ರಿ?"

"ನಿನ್ನ ಅಮ್ಮ ಬಸುರಿಯಲ್ಲಿ ಇದಕ್ಕೇ ಅತ್ತದ್ದು ಮಾರಾಯ್ತಿ, ಕೇಳಿ ನೋಡು," ಎಂದೆ. ಅಕ್ಕ ಆಗಲೇ ಅಡುಗೆಮನೆಯಲ್ಲಿ ತೆಂಗಿನಕಾಯಿ ಒಡೆಯುತ್ತಿದ್ದಳು. ಗೋರ್ವಾದ ಮೂಲೆ ಹೋದರೂ ದಂಟು ಸಾಯುವುದಿಲ್ಲ ಎಂದು ಗಟ್ಟಿಮಾಡಿಕೊಂಡು ಮರಳಿ ಬಂದೆ.

ಆಮೇಲೆ ಬಾ ಅವರ ಮನೆಗೆ ಹೋದೆ. ಅವರು ತಗ್ಗಿದ ಮಣೆಯ ಮೇಲೆ ಕುಳಿತು ಹೆಸರುಕಾಳು ಆರಿಸುತ್ತಿದ್ದರು. ನಾನು ಅವರ ಎದುರು ನೆಲಕ್ಕೆ ಕುಳಿತು, ಕೇಳದೆಯೇ ಆರಿಸಲು ಕೈ ಹಾಕಿದೆ.

"ಬಾ, ಬಟ್ಟಲು ಖಾಲಿ ಬಂತು."

"ಬಂತು," ಎಂದರು. "ನೀನು ಪ್ರೀತಿಯಿಂದ ಕಳುಹಿಸಿದೆ. ಚೋಮಾಸಾದಲ್ಲಿ ನಾವು ತಿನ್ನುವ ಹಾಗಿಲ್ಲ; ಹಸುವಿಗೆ ಕೊಟ್ಟೆ. ತಿನ್ನದ್ದಕ್ಕೆ ಬಟ್ಟಲು ತುಂಬಿಸಿ ಕಳುಹಿಸಿದರೆ ತಿಂದೆವು ಎಂದು ಸುಳ್ಳು ಹೇಳಿದ ಹಾಗೆ. ಅದಕ್ಕೆ ಖಾಲಿ ಕಳುಹಿಸಿದೆ. ನಿನಗೆ ಬೇಸರವಾಯಿತಾ?"

"ಬಟ್ಟಲಿಗೆ ಬೇಸರ ಇಲ್ಲ. ವಾಂಧೋಗೆ ಬೇಸರ."

ಬಾ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟರು. "ಅದು ನನ್ನದಲ್ಲ. ಮಗನದು. ನಾನು ರಸ್ತೆ ಸುತ್ತಿ ಹೋಗುತ್ತೇನೆ ಎಂದು ಅವನಿಗೆ ಹೆದರಿಕೆ."

ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ನಾನು ಒಂದೊಂದಾಗಿ ಕೇಳಿ ತೆಗೆದೆ. ಬಾ ದಿನಾ ಬೆಳಿಗ್ಗೆ ಬರಿಗಾಲಿನಲ್ಲಿ ದೇರಾಸರಕ್ಕೆ, ಅಂದರೆ ಜೈನ ಮಂದಿರಕ್ಕೆ ಹೋಗುತ್ತಿದ್ದರು. ಹಿಂದಿನಿಂದಲೂ ಅವರ ದಾರಿ ಕಾಮನ್ ಪ್ಲಾಟಿನ ಆ ಮೂಲೆಯೇ. ಅಲ್ಲಿ ಕಾಂಪೌಂಡು ಗೋಡೆ ಒಡೆದು ಒಬ್ಬರು ತೂರುವಷ್ಟು ಕಿಂಡಿಯಿತ್ತು. ಬೇಸಗೆಯಲ್ಲಿ ನಾನು ದಾರಿ ಬಿಟ್ಟೇ ಪಾತಿ ಮಾಡಿದ್ದೆ. ಆದರೆ ಮಳೆ ಬಂದ ಮೇಲೆ ಸೌತೆಬಳ್ಳಿ ಆ ದಾರಿಯ ಮೇಲೆಲ್ಲ ಹಬ್ಬಿತು. ಹಸಿರನ್ನು ತುಳಿದರೆ ಅದರ ಅಡಿಯ ಜೀವವೂ ಸಾಯುತ್ತದೆ, ಬಾ ತುಳಿಯುವುದಿಲ್ಲ. ಹಾಗಾಗಿ ದೊಡ್ಡ ರಸ್ತೆ ಸುತ್ತಿ, ಕಾರ್ಖಾನೆಯ ಟೆಂಪೋಗಳ ನಡುವೆ ಹೋಗತೊಡಗಿದರು. ಒಂದು ಟೆಂಪೋ ಅವರನ್ನು ಒರಸಿಕೊಂಡೇ ಹೋಗಿತ್ತು. ಮಗ ಅದನ್ನು ನೋಡಿದ್ದರು.

"ಬಳ್ಳಿಯನ್ನು ಕೈಯಿಂದ ಪಕ್ಕಕ್ಕೆ ಸರಿಸಿ ಹೋಗಬಹುದಿತ್ತಲ್ಲ ಬಾ?"

"ಎಳೆದರೆ ಹರಿಯುತ್ತದೆ. ನೀನು ಎಷ್ಟು ನೀರು ಹೊತ್ತಿದ್ದಿ ಎಂದು ನಾನು ಈ ಬಾಗಿಲಿನಿಂದ ನೋಡಿದ್ದೇನೆ."

"ನನಗೆ ಒಂದು ಮಾತು ಹೇಳಬಹುದಿತ್ತು."

"ನಿನಗೆ ಕಾಣುತ್ತಿರಲಿಲ್ಲವಾ?"

ಹೆಸರುಕಾಳು ಮುಗಿಸಿಕೊಟ್ಟು ಎದ್ದೆ.

ಅವತ್ತು ಊಟಕ್ಕೆ ಕುಳಿತಾಗ ನಮ್ಮವರು ಹೇಳಿದರು, "ಬಿಟ್ಟುಬಿಡು ಮಾರಾಯ್ತಿ. ಪೇಟೆಯಲ್ಲಿ ತರಕಾರಿ ಇಲ್ವಾ?"

"ಬಿಡ್ಲಿಕ್ಕಾ ನಾನು ಐದು ರೂಪಾಯಿ ಲಗೇಜು ಕೊಟ್ಟದ್ದು?"

"ಮತ್ತೆ ಎಂತ ಮಾಡ್ತಿ? ಅವರ ಧರ್ಮ ಬದಲಾಯಿಸ್ತಿಯಾ?"

"ಬಳ್ಳಿ ಬದಲಾಯಿಸ್ತೇನೆ."

ಸೌತೆಬಳ್ಳಿ ಕಿತ್ತೆ. ಎಳೆಕಾಯಿಗಳು ಬೆರಳುದ್ದ ಬೆಳೆದಿದ್ದವು; ನೋಡಿದರೆ ಕೈ ಬರುವುದಿಲ್ಲ, ಹಾಗಾಗಿ ನೋಡದೆ ಕಿತ್ತೆ. ಹಳೆಯ ರಾಶಿಯಿಂದ ಇಟ್ಟಿಗೆಗಳನ್ನು ಆರಿಸಿ ಕಿಂಡಿಯವರೆಗೆ ಹಾಸಿದೆ. ಬಸಳೆಯ ಚಪ್ಪರವನ್ನು ಎತ್ತರಕ್ಕೆ ಏರಿಸಿ ದಾರಿಯ ಮೇಲೆ ನೆರಳಾಗುವಂತೆ ಎಳೆದು ಕಟ್ಟಿದೆ. ಬಾ ತಣ್ಣಗೆ ಹೋಗಲಿ ಎಂದು. ಮೊದಲ ಎರಡು ಬೆಳಿಗ್ಗೆ ಬಾ ಆ ದಾರಿಯಲ್ಲಿ ನಡೆದರು. ನಾನು ರುಬ್ಬುವುದನ್ನು ನಿಲ್ಲಿಸಿ ಕಿಟಕಿಯಿಂದ ನೋಡಿದೆ. ಗೆದ್ದೆ ಎಂದುಕೊಂಡೆ.

ಆಮೇಲೆ ಜಡಿಮಳೆ ಹಿಡಿಯಿತು. ಮಳೆ ಬಿಟ್ಟ ದಿನ ಬಾ ಇಟ್ಟಿಗೆಯ ಅಂಚಿನವರೆಗೆ ಬಂದರು, ಬಗ್ಗಿ ನೋಡಿದರು, ತಿರುಗಿ ದೊಡ್ಡ ರಸ್ತೆಯ ಕಡೆ ಹೊರಟರು. ಓಡಿಹೋಗಿ ನೋಡಿದರೆ ಇಟ್ಟಿಗೆಯ ಮೇಲೆಲ್ಲ ಪಾಚಿ. ನೆಲ್ಲಿಕಾಯಿ ಬಣ್ಣದ, ನುಣ್ಣನೆಯ ಪಾಚಿ. ಬಿಸಿಲು ಬೀಳದ ಹಾಗೆ ಚಪ್ಪರ ಎಳೆದವಳು ನಾನೇ. ಅದನ್ನು ಕೆರೆದು ತೆಗೆಯೋಣ ಎಂದರೆ, ಬಾ ನಡೆಯಲಿ ಎಂದು ಜೀವ ಕೆರೆದು ಕೊಲ್ಲುವುದಾಯಿತು. ಅಂಥ ದಾರಿಯಲ್ಲಿ ಅವರು ಕಾಲಿಡುವುದಿಲ್ಲ.

ಭಾಭಿ ಕಾಂಪೌಂಡಿನ ಮೇಲಿನಿಂದ ಕೂಗಿದರು. "ಏ ಕೋಲು ತಿನ್ನುವವಳೇ, ಇನ್ನಾದರೂ ಸೋಲು ಒಪ್ಪಿಕೋ!"

"ನಿಮ್ಮ ಭಜಿಯಾ ಹೋಗುತ್ತದೆ, ನೆನಪಿರಲಿ," ಎಂದೆ.

"ಹಾಗಾದರೆ ಹೋರಾಡು, ಹೋರಾಡು!"

ನಮ್ಮವರ ಹೋಟೆಲಿನ ಎದುರಿನ ಕಾರ್ಖಾನೆಗಳಿಗೆ ಯಂತ್ರಗಳು ಮರದ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಒಡೆದ ಪೆಟ್ಟಿಗೆಯ ಹಲಗೆಗಳನ್ನು ಸೌದೆಯ ದರಕ್ಕೆ ಮಾರುತ್ತಿದ್ದರು. ನಾನೇ ಹೋಗಿ, ಮೊಳೆ ಇರುವುದಕ್ಕೆ ಒಂದು ದರ, ಮೊಳೆ ಇಲ್ಲದ್ದಕ್ಕೆ ಇನ್ನೊಂದು ದರ ಎಂದು ಗೋದಾಮಿನವನ ಹತ್ತಿರ ಮಾತಾಡಿ, ಮೊಳೆಯಿದ್ದದ್ದನ್ನೇ ತಂದು ಮನೆಯಲ್ಲಿ ಮೊಳೆ ಕಿತ್ತೆ. ದಾರಿಯ ಎರಡೂ ಬದಿಗೆ ಇಟ್ಟಿಗೆಯ ತುಂಡುಗಳನ್ನಿಟ್ಟು, ನೆಲಕ್ಕೆ ತಾಗದ ಹಾಗೆ ಮೇಲೆ ಹಲಗೆ ಹಾಸಿದೆ. ಗದ್ದೆಯ ತೋಡು ದಾಟಲು ಸಂಕ ಹಾಕುತ್ತೇವಲ್ಲ, ಹಾಗೆ. ಚಪ್ಪರವನ್ನು ನಡುವೆ ಸೀಳಿ ದಾರಿಯ ಮೇಲೆ ಆಕಾಶ ಬಿಟ್ಟೆ. ಬಿಸಿಲು ಬಿದ್ದು ಹಲಗೆ ಒಣಗಬೇಕು. ಅದಕ್ಕಾಗಿ ಬಸಳೆಯ ಅತ್ಯಂತ ದಟ್ಟವಾದ ಭಾಗವನ್ನೇ ಕತ್ತರಿಸಬೇಕಾಯಿತು. ಆ ವಾರ ಸೊಸೈಟಿಯಲ್ಲಿ ಭಜಿಯಾ ತಿನ್ನದ ಮನೆ ಎದುರು ಮನೆ ಒಂದೇ.

ದಿನಾ ಹಿಟ್ಟು ಸ್ಕೂಟರ್ ಹತ್ತಿದ ಮೇಲೆ ಮೊದಲ ಕೆಲಸ ಹಲಗೆ ಒರಸುವುದು. ಬಾ ಮೊದಲ ದಿನ ಹಲಗೆಯ ಕೆಳಗೆ ಬಗ್ಗಿ ನೋಡಿದರು. ನೆಲಕ್ಕೂ ಹಲಗೆಗೂ ನಡುವೆ ಇರುವೆ ಹೋಗುವಷ್ಟು ಎಡೆ ಇತ್ತು. ಬಲಗಾಲು ಇಟ್ಟರು. ಹಲಗೆ ಕಿರುಗುಟ್ಟಿತು. ಕಿಂಡಿ ದಾಟುವವರೆಗೂ ಕಿರುಗುಟ್ಟುತ್ತಲೇ ಹೋಯಿತು. ಆಮೇಲಿನ ದಿನಗಳಲ್ಲಿ ಆ ಸದ್ದು ಕೇಳಿಯೇ ನಾನು ಚಹಾಕ್ಕೆ ನೀರಿಡುತ್ತಿದ್ದೆ.

ಆದರೆ ಮಗ ವಾಂಧೋ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪರ್ಯೂಷಣ ಬಂತು, ಜೈನರ ಉಪವಾಸದ ದಿನಗಳು. ಆ ದಿನಗಳಲ್ಲಿ ಹಸಿರು ತರಕಾರಿ ಯಾವುದೂ ಆ ಮನೆಗೆ ಬರುವಂತಿಲ್ಲ, ಕಾಳು ಬೇಳೆ ಮಾತ್ರ ಎಂದು ಭಾಭಿಯನ್ನು ಕೇಳಿ ತಿಳಿದುಕೊಂಡೆ. ಈ ಸಲ ಕೇಳಿದೆ. ನನ್ನ ಹತ್ತಿರ ಕಾಳು ಎಂದರೆ ಒಂದೇ ಇತ್ತು. ಬೇಸಗೆಯ ಅಲಸಂಡೆಯಲ್ಲಿ ಬೀಜಕ್ಕೆಂದು ಬಳ್ಳಿಯಲ್ಲೇ ಒಣಗಿಸಿ, ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟದ್ದು, ಮುಂದಿನ ವರ್ಷದ ಬಿತ್ತನೆಗೆ. ಜಾಗವೇ ಹೋದರೆ ಬೀಜ ಇಟ್ಟುಕೊಂಡು ಏನು ಮಾಡಲಿ? ಜಾಗ ಉಳಿದರೆ ಬೀಜವನ್ನು ಊರಿನಿಂದ ಮತ್ತೆ ತರಿಸುತ್ತೇನೆ. ತೊಳೆದು, ಒಣಗಿಸಿ, ಅದೇ ಬಟ್ಟಲಿನಲ್ಲಿ ತುಂಬಿಸಿ ಕೊಟ್ಟು ಬಂದೆ. ಬಾ ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿದರು. "ನಿನ್ನ ಮೂಲೆಯದಾ?"

"ಹೌದು ಬಾ. ಒಣಗಿದ್ದು. ಹಸಿರು ಇಲ್ಲ, ಎಲೆ ಇಲ್ಲ."

"ಕಲಿತೆ," ಎಂದರು.

ಪರ್ಯೂಷಣದ ಕೊನೆಯ ದಿನ ಹಲಗೆ ಹೊತ್ತಲ್ಲದ ಹೊತ್ತಿನಲ್ಲಿ ಕಿರುಗುಟ್ಟಿತು. ಬಾ ನನ್ನ ಹಿಂಬಾಗಿಲಲ್ಲಿ ಕೈ ಜೋಡಿಸಿ ನಿಂತಿದ್ದರು. "ಮಿಚ್ಛಾಮಿ ದುಕ್ಕಡಂ," ಎಂದರು. ತಿಳಿದೋ ತಿಳಿಯದೆಯೋ ನನ್ನಿಂದ ನೋವಾಗಿದ್ದರೆ ಕ್ಷಮಿಸು ಎಂದು ಆ ದಿನ ಅವರು ಮನೆ ಮನೆಗೆ ಹೋಗಿ ಹೇಳುತ್ತಾರೆ. ನನಗಿಂತ ಎರಡು ಪಟ್ಟು ವಯಸ್ಸಿನವರು. ನಾನು ಹಿಟ್ಟಿನ ಕೈಯಲ್ಲೇ ಕೈ ಮುಗಿದೆ. "ಚಹಾ ಇಡಲಾ ಬಾ?" ಎಂದೆ.

"ಇವತ್ತು ನೀರೂ ಇಲ್ಲ," ಎಂದು ನಕ್ಕರು. ಮರುದಿನ ಬಟ್ಟಲು ಬಂತು. ಗೋಧಿಹಿಟ್ಟು, ಬೆಲ್ಲ, ತುಪ್ಪದ ಸುಖಡಿ, ಇನ್ನೂ ಬಿಸಿ, ಅಂಚಿನವರೆಗೆ.

ಸಭೆ ಭಾನುವಾರ ಬೆಳಿಗ್ಗೆ ಕಾಮನ್ ಪ್ಲಾಟಿನಲ್ಲೇ ಜಮಖಾನೆ ಹಾಸಿ ನಡೆಯಿತು. ಪ್ರಮುಖ್ ಸಾಹೇಬರು ಮೂಲೆಯ ವಿಷಯ ಎತ್ತಿ, "ಎದುರು ಮನೆಯ ವಾಂಧೋ," ಎಂದು ಬಾ ಅವರ ಮಗನ ಕಡೆ ನೋಡಿದರು. ನಮ್ಮವರು ಹೋಟೆಲು ಬಿಟ್ಟು ಬಂದು ನನ್ನ ಪಕ್ಕದಲ್ಲಿ ಕುಳಿತಿದ್ದರು. ಇಬ್ಬರಿಗೂ ಕೈ ಎತ್ತುವ ಹಕ್ಕಿಲ್ಲ.

ಮಗ ಗಂಟಲು ಸರಿಮಾಡಿಕೊಂಡರು. "ಬಾ ಓಡಾಡುವ ದಾರಿಗೆ ನನ್ನ ವಾಂಧೋ ಇತ್ತು. ಈಗ ದಾರಿ ಇದೆ. ಆದರೆ ಗರ್ಬಾಕ್ಕೆ ಜಾಗ ಸಾಲುವುದಿಲ್ಲ. ಮೈಕಿನವನಿಗೆ ಆ ಮೂಲೆ ಬೇಕು. ಪೂರ್ತಿ."

ಇದು ಬೇರೆ ಮಾತು. ಇದು ಚೌಕಾಸಿಯ ಮಾತು. ನನಗೆ ಜೀವ ಬಂತು.

"ಮೈಕಿನವನು ವರ್ಷಕ್ಕೆ ಎಷ್ಟು ರಾತ್ರಿ ಕೂರುತ್ತಾನೆ ಭಾಯಿ?"

"ನವರಾತ್ರಿ. ಒಂಬತ್ತು."

"ಮಿಕ್ಕ ರಾತ್ರಿ ಅಲ್ಲಿ ಯಾರು ಕೂರುತ್ತಾರೆ? ನಾಯಿ. ಬಯಲಿನ ಕಡೆಯ ಅರ್ಧ ಮೂಲೆ ನಿಮಗೆ. ಅಲ್ಲಿ ಹರಿವೆ, ಮೆಂತ್ಯ ಮಾತ್ರ ಬಿತ್ತುತ್ತೇನೆ. ನವರಾತ್ರಿಯ ಹಿಂದಿನ ವಾರ ಕಿತ್ತು ನೆಲ ಸಪಾಟು ಮಾಡಿಕೊಡುತ್ತೇನೆ. ಚಪ್ಪರ ಗೋಡೆಯ ಕಡೆಗೆ. ಬಾ ದಾರಿ ನಡುವೆ, ಅದನ್ನು ಯಾರೂ ಮುಟ್ಟುವ ಹಾಗಿಲ್ಲ, ನಾನೂ."

"ಮೈಕಿನ ತಂತಿ ನಿಮ್ಮ ಬಿದಿರಿನ ಮೇಲೆ ಹೋಗಬೇಕು."

"ಹೋಗಲಿ. ಎಲೆಗೆ ತಾಗದ ಹಾಗೆ."

"ಮತ್ತೆ ಮೈಕಿನವನಿಗೆ ಒಂಬತ್ತು ದಿನ ಇಡ್ಲಿ," ಎಂದು ಭಾಭಿ ಹಿಂದಿನಿಂದ ಕೂಗಿದರು. ಎಲ್ಲರೂ ನಕ್ಕರು. ನಮ್ಮವರು ನನ್ನ ಮುಖ ನೋಡಿದರು. ನಾನು, "ಐದು ದಿನ," ಎಂದೆ.

ಅಷ್ಟರಲ್ಲಿ ಹಲಗೆ ಕಿರುಗುಟ್ಟಿತು. ದೇರಾಸರದಿಂದ ಬಾ ಬರುತ್ತಿದ್ದರು, ಸೀಳಿದ ಚಪ್ಪರದ ನಡುವೆ, ಕಣ್ಣು ನೆಲದ ಮೇಲಿಟ್ಟು. ಸಭೆಯ ಕಡೆ ನೋಡಲೂ ಇಲ್ಲ. ಮಗ ಅವರು ಮನೆಯ ಮೆಟ್ಟಿಲು ಹತ್ತುವವರೆಗೂ ನೋಡಿ, ಪ್ರಮುಖ್ ಸಾಹೇಬರ ಕಡೆ ತಿರುಗಿ, "ವಾಂಧೋ ನಥಿ," ಎಂದರು. ಆಕ್ಷೇಪವಿಲ್ಲ.

ನಾವು ಆ ಮನೆಯಲ್ಲಿದ್ದಷ್ಟು ವರ್ಷ ಆ ಅರ್ಧ ಮೂಲೆ ಉಳಿಯಿತು. ಪೂರ್ತಿ ಇದ್ದಾಗ ಬೆಳೆದದ್ದಕ್ಕಿಂತ ಹೆಚ್ಚೇ ಬೆಳೆಯಿತು ಎಂದರೆ ನಂಬುವುದಿಲ್ಲ. ಬಿಸಿಲು ಬೀಳಲು ನಡುವೆ ದಾರಿ ಸಿಕ್ಕಿತ್ತಲ್ಲ. ಮುಂದಿನ ಬೇಸಗೆಗೆ ಅಲಸಂಡೆ ಬೀಜವನ್ನು ಊರಿನಿಂದ ತರಿಸುವುದೂ ಬೇಕಾಗಲಿಲ್ಲ. ಬಾ ನಾನು ಕೊಟ್ಟದ್ದರಲ್ಲಿ ಒಂದು ಹಿಡಿ ಬೇಯಿಸದೆ ಉಳಿಸಿದ್ದರು.

ನೀವು ನಾಲ್ಕು ಗಿಡ ಹಾಕಿ ನೆರೆಯವರಿಗೆ ಕೊಡುವ ಯೋಚನೆಯಲ್ಲಿದ್ದರೆ ನನ್ನ ಮಾತು ಕೇಳಿ. ಹಂಚಿಕೊಂಡ ಜಾಗದಲ್ಲಿ ಬೆಳೆದದ್ದನ್ನು ಒಂದು ಪೈಸೆಗೂ ಮಾರಬೇಡಿ; ಗಂಡ ಕೇಳಿದರೂ. ಬಳ್ಳಿ ನೆಡುವ ಮೊದಲು ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಆ ಜಾಗದಲ್ಲಿ ಯಾರು ಯಾರು ನಡೆಯುತ್ತಾರೆ ನೋಡಿ, ಚಪ್ಪಲಿ ಹಾಕಿಕೊಂಡೋ ಬರಿಗಾಲಿನಲ್ಲೋ ಎಂಬುದನ್ನೂ ನೋಡಿ. ಏನು ತಿನ್ನುತ್ತಾರೆ ಎಂದು ಕೇಳಿದರೆ ಸಾಲದು, ಯಾವ ತಿಂಗಳಲ್ಲಿ ತಿನ್ನುವುದಿಲ್ಲ ಎಂದೂ ಕೇಳಿ. ಬಟ್ಟಲನ್ನು ಗೋಪುರ ಮಾಡಿ ತುಂಬಿಸಬೇಡಿ, ತಿರುಗಿ ಕೊಡುವವರಿಗೆ ಭಾರ. ಬಸಳೆಯ ದಂಟು ಊರಿನಿಂದ ತರುವುದಾದರೆ ಕೈಚೀಲದ ತಳದಲ್ಲಿಟ್ಟು ಮೇಲೆ ಒಂದು ಸೀರೆ ಮಡಿಸಿಡಿ, ಲಗೇಜಿನವನ ಕಣ್ಣಿಗೆ ಬೀಳಬಾರದು. ಮತ್ತೆ ಬಟ್ಟಲು ಎಂದಾದರೂ ಖಾಲಿ ಬಂದರೆ, ನನ್ನ ಹಾಗೆ ರೈಲು ಹತ್ತಿ ಊರು ಸುತ್ತಿ ಬರುವವರೆಗೆ ಕಾಯಬೇಡಿ. ಅದೇ ದಿನ ಆ ಮನೆಗೆ ಹೋಗಿ, ನೆಲದ ಮೇಲೆ ಕುಳಿತು, ಅವರು ಮಾಡುತ್ತಿರುವ ಕೆಲಸಕ್ಕೆ ಕೈ ಹಾಕಿ, ಆಮೇಲೆ ಕೇಳಿ.